ಅಗಸಿಗೆ ಬಂದ ಓಲೆ

2021ರ ಬೇಸಿಗೆಯಲ್ಲಿ ನಮ್ಮ ಮಸಗುಪ್ಪಿಯಲ್ಲಿಯೂ ‘ಸೈಟೊಕೈನ್ ಬಿರುಗಾಳಿ’ ಎಂಬ ಮಾತು ಕೇಳಿಬಂದಿತು. ನನ್ನ ಅಣ್ಣನು ತೀರಿಕೊಂಡ ಮೇಲೆ ನಾನು ಅದರ ಇತಿಹಾಸವನ್ನು ಅರಸಿದೆನು.

1957ರಲ್ಲಿ ಮಲೆನಾಡಿನ ಕ್ಯಾಸನೂರಿನಲ್ಲಿ ಮಂಗನ ಕಾಯಿಲೆ ಗುರುತಾಯಿತು. ಅದೇ ವರ್ಷ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಇಂಟರ್‌ಫೆರಾನನ್ನು ವರದಿ ಮಾಡಿದರು. ವೈರಸ್ ತಗಲಿದ ಜೀವಕೋಶವು ನೆರೆಕೋಶಗಳಿಗೆ ಕಳಿಸುವ ಎಚ್ಚರಿಕೆಯ ಓಲೆಯದು. ಇಂಥ ಓಲೆಗಳಿಗೆ ‘ಸೈಟೊಕೈನ್’ ಎಂಬ ಹೆಸರು ಬಂದುದು 1974ರಲ್ಲಿ.

ಕೋಶದ ಅಗಸಿಯೇ ಗ್ರಾಹಕ. ಆಕಾರ ಹೊಂದಿದ ಓಲೆ ಮಾತ್ರ ಅಲ್ಲಿ ಕೂಡುತ್ತದೆ. ಸುದ್ದಿ ಒಳಗೆ ಮುಟ್ಟುತ್ತದೆ. ಬಳಿಕ ಕೋಶದ ಪೊರೆಯು ಗುಳಿಬಿದ್ದು ಎರಡನ್ನೂ ಒಳಗೆಳೆದುಕೊಳ್ಳುತ್ತದೆ. ಓಲೆ ಅಲ್ಲಿ ಅರಗುತ್ತದೆ. ಕೂಗು ತಣಿಯುವ ಬಗೆಗಳಲ್ಲಿ ಇದೊಂದು. ಓಲೆಗಳು ಮಿತಿಮೀರಿದರೆ, ಕಾಯಬೇಕಾದ ಕೂಗೇ ಕೊಲ್ಲುತ್ತದೆ.

ಇಂಟರ್‌ಲ್ಯೂಕಿನ್-6ರ ಅಗಸಿಯನ್ನು ಮುಚ್ಚುವ ಟೊಸಿಲಿಜುಮಾಬ್ ಎಂಬ ಮದ್ದು ಆಗಲೇ ಇತ್ತು. ಆ ಬೇಸಿಗೆಯಲ್ಲಿ ಅಣ್ಣನಿಗೆ ಅದು ದೊರೆಯಲಿಲ್ಲ.