ವೃಕ್ಷಾಯುರ್ವೇದದ ಕ್ರಿಮಿನಿವಾರಣೆ ಮತ್ತು ಶ್ರಾವಕನ ತೋಟ

ಗಿಡಮರಗಳಿಗೆ ಬರುವ ರೋಗಗಳ ನಿದಾನ, ಚಿಕಿತ್ಸೆಗಳನ್ನು ತಿಳಿಸುವ ಶಾಸ್ತ್ರಕ್ಕೆ ಪ್ರಾಚೀನರು ವೃಕ್ಷಾಯುರ್ವೇದವೆಂದು ಹೆಸರಿಟ್ಟರು. ವರಾಹಮಿಹಿರನ ಬೃಹತ್ಸಂಹಿತೆಯ ಒಂದು ಅಧ್ಯಾಯ, ಸುರಪಾಲನ ವೃಕ್ಷಾಯುರ್ವೇದ, 1363ರ ಶಾರ್ಙ್ಗಧರಪದ್ಧತಿಗೆ ಸೇರಿದ ಉಪವನವಿನೋದ, ಇವು ಸಂಸ್ಕೃತದಲ್ಲಿ ಈ ಶಾಸ್ತ್ರದ ಮುಖ್ಯ ಆಕರಗಳು. ಸುರಪಾಲನ ಗ್ರಂಥದ ಹಸ್ತಪ್ರತಿಯು ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದ್ದು, 1996ರಲ್ಲಿ ಇಂಗ್ಲಿಷ್ ಅನುವಾದದೊಡನೆ ಸಿಕಂದರಾಬಾದಿನಿಂದ ಪ್ರಕಟವಾದ ಮೇಲೆಯೇ ವಿದ್ವಾಂಸರ ಕೈಗೆ ಸುಲಭವಾಗಿ ದೊರೆಯಿತು. ಕನ್ನಡದಲ್ಲಿ ಈ ವಿಷಯವನ್ನು ಒಳಗೊಂಡ ಹಳೆಯ ಗ್ರಂಥವೆಂದರೆ ಸುಮಾರು 1025ರ ಲೋಕೋಪಕಾರ. ಇದರ ಕರ್ತೃವಾದ ಚಾವುಂಡರಾಯನು ಚಾಳುಕ್ಯ ಜಯಸಿಂಹನ ಆಶ್ರಿತನಾದ ಶೈವಕವಿ. ಬೆಳ್ಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಗಂಗಮಂತ್ರಿ ಚಾವುಂಡರಾಯನಲ್ಲ. ಹೆಸರಿನ ಸಾಮ್ಯವೊಂದನ್ನೇ ನೆಚ್ಚಿ ಲೋಕೋಪಕಾರವನ್ನು ಜೈನಗ್ರಂಥಗಳ ಪಟ್ಟಿಗೆ ಸೇರಿಸುವುದು ಸಾಧುವಲ್ಲ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಮನುಷ್ಯರ ವೈದ್ಯದಲ್ಲಿ ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕ, ಗೋವುಗಳ ವೈದ್ಯದಲ್ಲಿ ಕೀರ್ತಿವರ್ಮನ ಗೋವೈದ್ಯ, ವಿಷವೈದ್ಯದಲ್ಲಿ ಒಂದನೆಯ ಮಂಗರಾಜನ ಖಗೇಂದ್ರಮಣಿದರ್ಪಣ, ಹೀಗೆ ಕರ್ಣಾಟಕದ ಜೈನರು ವೈದ್ಯಶಾಸ್ತ್ರದ ಹಲವು ಶಾಖೆಗಳಲ್ಲಿ ಕೃತಿರಚನೆ ಮಾಡಿದ್ದಾರೆ. ಇವುಗಳ ಸಾಲಿನಲ್ಲಿ ನಿಲ್ಲಬಲ್ಲ ಜೈನ ವೃಕ್ಷಾಯುರ್ವೇದವೊಂದು ಮಾತ್ರ ಪ್ರಸಿದ್ಧವಾಗಿಲ್ಲ. ಕೃಷಿಯು ಶ್ರಾವಕನಿಗೆ ನಿಷಿದ್ಧವಾದುದರಿಂದ ಹೀಗಾಯಿತೆನ್ನುವಂತಿಲ್ಲ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ವೃಷಭನಾಥನು ಬೋಧಿಸಿದ ಷಟ್ಕರ್ಮಗಳಲ್ಲಿ ಅಸಿ ಮಸಿಗಳೊಡನೆ ಕೃಷಿಯೂ ಸೇರಿದೆ. ತೊಡಕು ಇರುವುದು ಬೇರೆಡೆ. ಗಿಡವು ಏಕೇಂದ್ರಿಯ ಜೀವ, ಅದನ್ನು ತಿನ್ನುವ ಕೀಟವು ತ್ರಸಜೀವ. ಸ್ಥಾವರವನ್ನು ಉಳಿಸಲೆಂದು ತ್ರಸವನ್ನು ಕೊಲ್ಲುವುದು ಅಣುವ್ರತಿಗೆ ಹೇಗೆ ಸಲ್ಲುತ್ತದೆ? ಅನ್ಯಶಾಸ್ತ್ರಕಾರರಿಗೆ ಈ ಪ್ರಶ್ನೆಯೇ ಏಳಲಿಲ್ಲ. ಅವರ ಯೋಗಗಳನ್ನು ಓದುವ ಜೈನ ಪಂಡಿತನಿಗೆ ಅದು ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ.

ಮೂಲದ ಯೋಗಗಳು ಎಂತಹವು ಎಂಬುದನ್ನು ಮೊದಲು ನೋಡಬೇಕು. ವರಾಹಮಿಹಿರನು ಶೀತ, ವಾತ, ಆತಪಗಳಿಂದ ಮರಗಳಿಗೆ ರೋಗ ಬರುತ್ತದೆಂದು ಹೇಳಿ, ಎಲೆ ಬಿಳಿಚುವುದು, ಚಿಗುರು ಬೆಳೆಯದಿರುವುದು, ಕೊಂಬೆ ಒಣಗುವುದು, ರಸ ಸೋರುವುದು ಇವುಗಳನ್ನು ಲಕ್ಷಣಗಳೆಂದು ಎಣಿಸುತ್ತಾನೆ. ಅವನ ಚಿಕಿತ್ಸೆ ಸರಳವಾದುದು: ಕೆಟ್ಟ ಭಾಗವನ್ನು ಶಸ್ತ್ರದಿಂದ ಶೋಧಿಸಿ, ವಿಡಂಗ, ತುಪ್ಪ, ಕೆಸರುಗಳ ಲೇಪವನ್ನು ಹಚ್ಚಿ, ಹಾಲು ಬೆರೆಸಿದ ನೀರನ್ನು ಎರೆಯುವುದು. ಇದರಲ್ಲಿ ಜೈನನು ಆಕ್ಷೇಪಿಸತಕ್ಕ ದ್ರವ್ಯವೊಂದೂ ಇಲ್ಲ. ಸುರಪಾಲನಲ್ಲಿ ಹಾಗಲ್ಲ. ಅವನು ಕ್ರಿಮಿಬಾಧೆಯನ್ನು ಬಾಹ್ಯರೋಗವೆಂದು ಬೇರ್ಪಡಿಸಿ, ಬೇರಿಗೆ ಬಿಳಿ ಸಾಸಿವೆ, ವಚಾ, ಕುಷ್ಠ, ಅತಿವಿಷಾಗಳ ಲೇಪವನ್ನೂ, ಮರಕ್ಕೆ ಸಾಸಿವೆ, ರಾಮಠ, ವಿಡಂಗ, ವಚಾ, ಊಷಣಗಳ ಧೂಪವನ್ನೂ ವಿಧಿಸುತ್ತಾನೆ. ಆದರೆ ಅದೇ ಧೂಪಕ್ಕೆ ಕೋಣದ ಕೊಂಬು, ಪಾರಿವಾಳದ ಮಾಂಸ ಮೊದಲಾದವೂ ಸೇರುತ್ತವೆ. ಪ್ರಾಣಿಗಳ ಮಾಂಸ, ಮಜ್ಜೆಗಳನ್ನು ಬೇಯಿಸಿ ಕೊಳೆಯಿಸಿ ಮಾಡುವ ಕುಣಪಜಲವಂತೂ ಈ ಶಾಸ್ತ್ರದ ಪ್ರಧಾನ ಪೋಷಕದ್ರವ್ಯ. ಹೆಸರೇ ಶವದ ನೀರೆಂಬ ಅರ್ಥವನ್ನು ಕೊಡುತ್ತದೆ.

ಆದರೂ ಈ ಯೋಗಗಳನ್ನು ಒಟ್ಟಾಗಿ ತಿರಸ್ಕರಿಸಬೇಕಾದುದಿಲ್ಲ. ಇದಕ್ಕೆ ಮೇಲ್ಪಂಕ್ತಿಯನ್ನು ಹಾಕಿಕೊಟ್ಟವರು ಉಗ್ರಾದಿತ್ಯಾಚಾರ್ಯರೇ. 1940ರಲ್ಲಿ ಸೊಲ್ಲಾಪುರದಿಂದ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದನೆಯಲ್ಲಿ ಹೊರಬಂದ ಕಲ್ಯಾಣಕಾರಕವನ್ನು ಓದಿದವರಿಗೆ, ಆಚಾರ್ಯರು ಮದ್ಯಮಾಂಸಗಳನ್ನು ಬಿಟ್ಟು ಔಷಧಗಳನ್ನು ಹೇಳಿದುದೂ, ಮಾಂಸಭಕ್ಷಣವು ನಿರರ್ಥಕವೆಂಬುದನ್ನು ನೃಪತುಂಗನ ಸಭೆಯಲ್ಲಿ ವೈದ್ಯರೆದುರು ಸಾಧಿಸಿದುದೂ ವಿದಿತವೇ ಇದೆ. ವೃಕ್ಷಾಯುರ್ವೇದಕ್ಕೂ ಇದೇ ಶೋಧನೆ ಸಲ್ಲುತ್ತದೆ. ಹೇಗೆಂದರೆ, ಮೇಲೆ ಹೇಳಿದ ಧೂಪಲೇಪಗಳಲ್ಲಿ ಕೀಟದ ಮೇಲೆ ಪರಿಣಾಮ ಮಾಡಬಲ್ಲ ತೀಕ್ಷ್ಣದ್ರವ್ಯಗಳೆಲ್ಲ ಸಸ್ಯಜನ್ಯಗಳೇ. ಮಾಂಸವನ್ನು ತೆಗೆದರೆ ಯೋಗದ ಬಲವು ಉಡುಗುತ್ತದೆಂದು ತಿಳಿಯಲು ಆಧಾರವಿಲ್ಲ. ಈಚೆಗೆ ಮಾಂಸಕ್ಕೆ ಬದಲಾಗಿ ಸೊಪ್ಪು, ಗೋಮೂತ್ರ, ಸಗಣಿ, ಮೊಳಕೆಕಾಳುಗಳನ್ನು ಕೊಳೆಯಿಸಿ ಸಸ್ಯಮಯ ಕುಣಪಜಲವನ್ನು ಮಾಡುವ ಕ್ರಮವೂ ರೈತರಲ್ಲಿ ಬಳಕೆಗೆ ಬಂದಿದೆ.

ದ್ರವ್ಯಗಳ ಹೆಸರುಗಳಲ್ಲಿ ಎಚ್ಚರ ಅಗತ್ಯ. ವಿಡಂಗವು ವಾಯುವಿಳಂಗ, ವಚಾ ಎಂದರೆ ಬಜೆ, ಅತಿವಿಷಾ ಎಂದರೆ ಅತಿಬಜೆ, ರಾಮಠವೆಂದರೆ ಇಂಗು, ನಿಂಬವು ಬೇವು, ಕರಂಜವು ಹೊಂಗೆ. ಊಷಣವೆಂದರೆ ಕರಿಯ ಮೆಣಸು. ಇದನ್ನು ಮೆಣಸಿನಕಾಯಿಯೆಂದು ಅರ್ಥಮಾಡಿದರೆ ಕಾಲವಿರೋಧವಾಗುತ್ತದೆ. ಮೆಣಸಿನಕಾಯಿಯೂ ಹೊಗೆಸೊಪ್ಪೂ ಅಮೆರಿಕಾಖಂಡದ ಸಸ್ಯಗಳು; ಪೋರ್ಚುಗೀಸರು ಬಂದ ಮೇಲೆ, ಎಂದರೆ 16ನೆಯ ಶತಮಾನ ಮತ್ತು ಅನಂತರ, ಈ ದೇಶದಲ್ಲಿ ಹರಡಿದವು. ಇಂದು ಮನೆಯ ಹಿತ್ತಿಲಿನ ಗಿಡಗಳಿಗೆ ಹೊಗೆಸೊಪ್ಪಿನ ಕಷಾಯವನ್ನೋ ಮೆಣಸಿನಕಾಯಿ ಬೆಳ್ಳುಳ್ಳಿಗಳನ್ನು ಅರೆದ ನೀರನ್ನೋ ಚಿಮುಕಿಸುವುದನ್ನು ಜನ ಪರಂಪರಾಗತವೆಂದು ಹೇಳುವುದುಂಟು. ಅದು ನಾಲ್ಕೈದು ಶತಮಾನಗಳ ಒಳಗಿನ ಪರಂಪರೆ. ಓಲೆಗರಿಯ ವೈದ್ಯಸಂಗ್ರಹವೊಂದರಲ್ಲಿ ಇವೆರಡರಲ್ಲಿ ಒಂದು ಕಂಡರೂ ಆ ಭಾಗದ ರಚನೆ ಅದಕ್ಕಿಂತ ಹಿಂದಿನದಲ್ಲವೆಂದು ನಿಶ್ಚಯಿಸಬಹುದು. ಲಿಪಿಯ ಆಧಾರದಿಂದ ಕಾಲನಿರ್ಣಯ ಮಾಡುವುದಕ್ಕಿಂತ ಇದು ಎಷ್ಟೋ ವೇಳೆ ದೃಢವಾದ ಸಾಧನ.

ಇನ್ನು ಈ ಸಸ್ಯದ್ರವ್ಯಗಳು ಕೊಲ್ಲುತ್ತವೆಯೇ, ಓಡಿಸುತ್ತವೆಯೇ ಎಂಬ ವಿಚಾರ. ಬೇವಿನ ವಿಷಯದಲ್ಲಿ ಇದಕ್ಕೆ ಒಳ್ಳೆಯ ಉತ್ತರ ದೊರೆತಿದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಪ್ರಧಾನ್ ಮತ್ತು ಸಹೋದ್ಯೋಗಿಗಳು 1962ರಲ್ಲಿ ಮಿಡತೆಗಳ ಹಿಂಡು ಬಂದಾಗ, ಬೇವಿನ ಬೀಜದ ತಿರುಳನ್ನು ನೀರಿನಲ್ಲಿ ಕದಡಿ ಪೈರಿಗೆ ಸಿಂಪಡಿಸಿದರು. ಮಿಡತೆಗಳು ಪೈರಿನ ಮೇಲೆ ಕುಳಿತರೂ ತಿನ್ನಲಿಲ್ಲ. ಈ ಗುಣಕ್ಕೆ ಕಾರಣವಾದ ಅಜಾಡಿರಾಕ್ಟಿನ್ ಎಂಬ ಸತ್ತ್ವವನ್ನು 1968ರಲ್ಲಿ ಬೇರ್ಪಡಿಸಲಾಯಿತು. ಆದರೆ ಆ ಸತ್ತ್ವಕ್ಕೆ ಇನ್ನೊಂದು ಗುಣವೂ ಇದೆ: ಅದನ್ನು ತಿಂದ ಎಳೆಯ ಕೀಟವು ಪೊರೆ ಕಳಚಲಾರದೆ ಸಾಯುತ್ತದೆ. ಬಜೆಯ ಬೇರಿನ ಎಣ್ಣೆಯಲ್ಲಿರುವ ಆಸರೋನ್ ಕೀಟಗಳ ಸಂತಾನಶಕ್ತಿಯನ್ನು ಕೆಡಿಸುತ್ತದೆಂದು 1977ರಲ್ಲಿ ತೋರಿಸಲಾಯಿತು. ಆದುದರಿಂದ ಸಸ್ಯಜನ್ಯವಾದುದೆಲ್ಲ ಅಹಿಂಸಕವೆಂದು ಸಮಾಧಾನಪಡುವುದು ಸರಿಯಲ್ಲ. ಹೊಗೆಸೊಪ್ಪಿನ ಕಷಾಯವಂತೂ ಶುದ್ಧ ವಿಷ. ಕೀಟಕ್ಕೆ ಮಾತ್ರವಲ್ಲ, ಅದನ್ನು ಕಾಸುವವನಿಗೂ.

ಶ್ರಾವಕಾಚಾರದ ದೃಷ್ಟಿಯಿಂದ ಇಲ್ಲಿ ತಾರತಮ್ಯ ಮಾಡಬೇಕಾಗುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹಿಂಸೆಯ ಲಕ್ಷಣದಲ್ಲಿ ಪ್ರಮತ್ತಯೋಗವನ್ನು ಮುಂದಿಟ್ಟಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ವಿಷಶಸ್ತ್ರಾದಿಗಳನ್ನು ಪರರಿಗೆ ಕೊಡುವುದನ್ನು ಹಿಂಸಾದಾನವೆಂಬ ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಹೇಮಚಂದ್ರರ ಯೋಗಶಾಸ್ತ್ರದ ಹದಿನೈದು ಕರ್ಮಾದಾನಗಳಲ್ಲಿ ವಿಷವಾಣಿಜ್ಯವೂ ಒಂದು. ಹುಳು ಬೀಳುವುದಕ್ಕೆ ಮುಂಚೆ ಎಲೆಗೆ ಕಹಿ ಹತ್ತುವಂತೆ ಬೇವಿನ ನೀರನ್ನು ಚಿಮುಕಿಸಿ ಅವು ಬಾರದಂತೆ ಮಾಡುವುದು ರಕ್ಷಣೆ. ಅಲಕ್ಷ್ಯದಿಂದ ಹುಳು ತುಂಬಲು ಬಿಟ್ಟು, ಆಮೇಲೆ ಅವನ್ನು ಸಾಯಿಸಲೆಂದೇ ವಿಷವನ್ನು ಕಾಸುವುದು ಸಂಕಲ್ಪೀ ಹಿಂಸೆ. ದ್ರವ್ಯ ಒಂದೇ ಆದರೂ ಬಳಸುವ ಕಾಲ ಮತ್ತು ಭಾವಗಳಿಂದ ಕರ್ಮವು ಬೇರೆಯಾಗುತ್ತದೆ. ಮುಂಚಿತವಾಗಿ ಬಳಸುವುದಕ್ಕೆ ಕ್ರಮವೂ ಸುಲಭವೇ: ಒಣಗಿದ ಬೇವಿನ ಬೀಜದ ತಿರುಳು 50 ಗ್ರಾಮಿನಷ್ಟನ್ನು ಪುಡಿಮಾಡಿ, ಒಂದು ಲೀಟರು ನೀರಿನಲ್ಲಿ ಇರುಳೆಲ್ಲ ನೆನೆಯಿಟ್ಟು, ಬಟ್ಟೆಯಲ್ಲಿ ಶೋಧಿಸಿ, ಎಲೆಗೆ ಅಂಟಲು ಸ್ವಲ್ಪ ಸಾಬೂನನ್ನು ಕದಡಿ, ಆಗಿಂದಾಗ್ಗೆ ಮಾಡಿಕೊಂಡು ಬಳಸತಕ್ಕದ್ದು. ಬಿಸಿಲಿಗೆ ಸತ್ತ್ವವು ಬೇಗ ನಾಶವಾಗುವುದರಿಂದ ಸಂಜೆಯೇ ಪ್ರಶಸ್ತಕಾಲ. ಆದರೆ ಕತ್ತಲೆ ಕವಿಯುವ ಮೊದಲೇ ಮುಗಿಸುವುದು ಜೀವರಕ್ಷಣೆಯ ದೃಷ್ಟಿಯಿಂದ ಉಚಿತ.

ಬೇವು, ಬಜೆಗಳು ಭಂಡಾರಗಳಿಗೂ ಹೊಸವಲ್ಲ. ಓಲೆಯ ಕಟ್ಟುಗಳ ನಡುವೆ ಬಜೆಯ ಬೇರನ್ನೂ ಬೇವಿನ ಒಣ ಎಲೆಯನ್ನೂ ಇಡುವುದು, ಗರಿಗಳಿಗೆ ನಿಂಬೆಹುಲ್ಲಿನ ಎಣ್ಣೆಯನ್ನು ಸವರುವುದು ರೂಢಿಯಲ್ಲಿರುವ ರಕ್ಷಣೋಪಾಯಗಳು. ಅಲ್ಲಿ ಕೀಟವನ್ನು ಕೊಲ್ಲುವ ಉದ್ದೇಶವಿರಲಿಲ್ಲ, ಗರಿಯ ಬಳಿಗೆ ಬಾರದಂತೆ ಮಾಡುವುದಷ್ಟೇ ಇತ್ತು. ಜೈನ ವೃಕ್ಷಾಯುರ್ವೇದವೆಂಬುದು ಸ್ವತಂತ್ರ ಗ್ರಂಥವಾಗಿ ದೊರೆಯದಿದ್ದರೂ, ವೈದ್ಯಗ್ರಂಥಗಳ ಕಟ್ಟಿನ ಕೊನೆಯ ಬಿಡಿಗರಿಗಳಲ್ಲಿ ಚದುರಿದ ಯೋಗಗಳಾಗಿ ಉಳಿದಿರುವ ಸಂಭವವಿದೆ. ಸೂಚೀಕಾರರು ಅಂತಹ ಗರಿಗಳನ್ನು ಸಂಕೀರ್ಣವೆಂದು ಒಂದೇ ಮಾತಿನಲ್ಲಿ ಮುಗಿಸದೆ, ಯೋಗದಲ್ಲಿ ಬರುವ ದ್ರವ್ಯಗಳ ಹೆಸರುಗಳನ್ನೂ, ಮಾಂಸದ್ರವ್ಯವನ್ನು ಬಿಟ್ಟಿದೆಯೇ ಎಂಬುದನ್ನೂ ನಮೂದಿಸಿದಲ್ಲಿ ಮುಂದಿನ ಶೋಧಕ್ಕೆ ದಾರಿಯಾದೀತು.