ಮಾಲು ನಮ್ಮದು, ಬೀಗ ಯಾರದು?

ನಮ್ಮ ಭಿವಂಡಿ ಗೋದಾಮುಗಳ ಊರು. ಮಾಲು ಒಬ್ಬರದು, ಬೀಗ ಇನ್ನೊಬ್ಬರದು. ಯಾಹೂ ಗ್ರೂಪ್ಸ್ ಕೂಡ ಹಾಗೇ ಇತ್ತು ನೋಡಿ. ಪುಕ್ಕಟೆ ಅಂತ ಹವ್ಯಾಸದ ಬಳಗಗಳೆಲ್ಲ ಅಲ್ಲೇ ಸೇರಿದವು. 2019ರಲ್ಲಿ ಹಳೆಯ ಮಾತುಕತೆ ಅಳಿಸುತ್ತೇವೆ ಎಂದರು. 2020ರ ಡಿಸೆಂಬರ್ 15ಕ್ಕೆ ಬಾಗಿಲನ್ನೇ ಹಾಕಿದರು.

ಇದಕ್ಕೆ ಬಹಳ ಮೊದಲೇ, 2005ರಲ್ಲಿ, ಹರಿಪ್ರಸಾದ್ ನಾಡಿಗ್ ‘ಸಂಪದ’ ಶುರುಮಾಡಿದರು. ಅವರು ಆರಿಸಿಕೊಂಡದ್ದು ಡ್ರುಪಲ್. ಬೆಲ್ಜಿಯಮ್ಮಿನ ಆಂಟ್ವರ್ಪ್‌ನಲ್ಲಿ ಹಾಸ್ಟೆಲ್ ಹುಡುಗರು ತಮ್ಮತಮ್ಮೊಳಗೆ ಹರಟಲು ಮಾಡಿಕೊಂಡ ತಂತ್ರಾಂಶ ಅದು! 2001ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ದುಡ್ಡಿಲ್ಲ, ಸರ್ವರ್ ಸರಿಬರದಿದ್ದರೆ ಗಂಟುಮೂಟೆ ಕಟ್ಟಿ ಬೇರೆ ಕಡೆ ಹೋಗಬಹುದು.

ಕನ್ನಡಕ್ಕೆ ಇನ್ನೊಂದು ತೊಡಕಿತ್ತು. ಯುಟಿಎಫ್-8ರಲ್ಲಿ ‘ಕ’ಕ್ಕೆ 3 ಬೈಟ್, ‘ಕ್ಷ’ಕ್ಕೆ 9. ಮಾಹಿತಿ ಕೂಡಿಡುವ ಮೈಎಸ್‌ಕ್ಯೂಎಲ್‌ಗೆ 2004ರ 4.1 ಆವೃತ್ತಿ ಬರುವ ತನಕ ಯುನಿಕೋಡ್ ಗೊತ್ತಿರಲಿಲ್ಲ. ಅದು ಬೈಟ್ ಲೆಕ್ಕ ಹಿಡಿಯುತ್ತಿತ್ತು, ಅಕ್ಷರವನ್ನಲ್ಲ. ಉದ್ದ ತಲೆಬರಹದ ಕೊನೆಯ ಅಕ್ಷರ ಅರ್ಧಕ್ಕೇ ತುಂಡು!

ಈಗ ಹತ್ತು ಜನರ ಬಳಗಕ್ಕೂ ಡಿಸ್ಕೋರ್ಸ್ ಹಾಕುವವರಿದ್ದಾರೆ. ಚೆಂದವೇನೋ ಹೌದು, ಆದರೆ ಮೆಮೊರಿಯೇ ಕನಿಷ್ಠ 1 ಜಿಬಿ ಬೇಕು. ನಾನಾದರೆ 2000ದಲ್ಲಿ ಹುಟ್ಟಿದ ಪಿಎಚ್‌ಪಿಬಿಬಿ ಸಾಕೆನ್ನುವವನು. ತಿಂಗಳಿಗೊಮ್ಮೆ ಎಲ್ಲದರ ಪ್ರತಿ ಪೆನ್‌ಡ್ರೈವಿಗೆ ಇಳಿಸಿ, ಒಂದು ಇಲ್ಲಿ, ಇನ್ನೊಂದು ಡೊಂಬಿವಲಿಯ ಗೆಳೆಯರ ಕಪಾಟಿನಲ್ಲಿ.