‘ನನ್ನೇನು ಕೇಳ್ತೀರಪ್ಪಾ’ ಅಂದವರನ್ನು ಕೇಳಿದ ರೇಡಿಯೊ

ಮೈಕ್ ಹಿಡಿದು ಹಳ್ಳಿಗೆ ಹೋದಾಗಲೆಲ್ಲ ನಮಗೆ ಒಂದು ಮಾತು ತಪ್ಪದೆ ಎದುರಾಗುತ್ತದೆ. ಒಮ್ಮೆ ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಅಜ್ಜಿಯೊಬ್ಬರ ಪಕ್ಕ ಕೂತು, ‘ಅಜ್ಜೀ, ನಿಮ್ಮ ಕಾಲದ ಬರದ ಬಗ್ಗೆ ಸ್ವಲ್ಪ ಹೇಳಿ’ ಅಂದೆವು. ಅಜ್ಜಿ ಕೈಲಿದ್ದ ಕಳೆಯನ್ನು ಬದುವಿಗೆ ಎಸೆದು, ‘ನನ್ನೇನು ಕೇಳ್ತೀರಪ್ಪಾ, ನಾನೇನು ಓದಿದೋಳಾ? ಊರೊಳಕ್ಕೆ ಹೋಗಿ ಪಟೇಲ್ರನ್ನ ಕೇಳಿ’ ಅಂದರು.

ಆಮೇಲೆ ಅವರೇ ಒಂದು ಗಂಟೆ ಮಾತಾಡಿದರು, ಅದು ಬೇರೆ ಮಾತು.

ಆವತ್ತು ಬಸ್ಸಿಗೆ ಕಾಯುತ್ತಾ ನಾವು ಒಬ್ಬ ರೇಡಿಯೊ ಮನುಷ್ಯನನ್ನು ನೆನೆಸಿಕೊಂಡೆವು. ಹೆಸರು ಸ್ಟಡ್ಸ್ ಟರ್ಕಲ್. ಊರು ಅಮೆರಿಕದ ಶಿಕಾಗೊ. 1952ರಿಂದ 1997ರವರೆಗೆ, ಅಂದರೆ 45 ವರ್ಷ, ಅವರು ಅಲ್ಲಿನ ಡಬ್ಲ್ಯುಎಫ್‌ಎಂಟಿ ಎಂಬ ರೇಡಿಯೊ ಸ್ಟೇಷನ್ನಿನಲ್ಲಿ ಜನರನ್ನು ಮಾತಾಡಿಸಿದರು. ಸಾಹಿತಿಗಳು, ಸಂಗೀತಗಾರರು, ಹೋರಾಟಗಾರರು ಎಲ್ಲರೂ ಅವರ ಮೈಕಿನ ಮುಂದೆ ಕೂತರು. ಆದರೆ ಟರ್ಕಲ್ ಹೆಸರು ಇವತ್ತಿಗೂ ಉಳಿದಿರುವುದಕ್ಕೆ ಕಾರಣ ಇನ್ನೊಂದು. ‘ನನ್ನೇನು ಕೇಳ್ತೀರಪ್ಪಾ’ ಅನ್ನುವಂಥವರನ್ನೂ ಅವರು ಅಷ್ಟೇ ಗೌರವದಿಂದ ಕೇಳಿದರು.

ಟರ್ಕಲ್ ಹುಟ್ಟಿದ್ದು 1912ರಲ್ಲಿ, ನ್ಯೂಯಾರ್ಕಿನಲ್ಲಿ. ಅಪ್ಪ ದರ್ಜಿ. ರಷ್ಯಾ ಕಡೆಯಿಂದ ವಲಸೆ ಬಂದ ಯಹೂದಿ ಕುಟುಂಬ. ಹುಡುಗ ಚಿಕ್ಕವನಿದ್ದಾಗಲೇ ಮನೆಮಂದಿ ಶಿಕಾಗೊಗೆ ಬಂದು, ಬಾಡಿಗೆಗೆ ಕೋಣೆ ಕೊಡುವ ಲಾಡ್ಜ್ ನಡೆಸತೊಡಗಿದರು. ಕೂಲಿಯವರು, ಕೆಲಸ ಕಳಕೊಂಡವರು, ಕಾರ್ಮಿಕ ಸಂಘದವರು ಅಲ್ಲಿನ ಹಜಾರದಲ್ಲಿ ಕೂತು ವಾದ ಮಾಡುತ್ತಿದ್ದರು. ನಮ್ಮೂರ ಅರಳಿಕಟ್ಟೆ ಇದ್ದ ಹಾಗೆ. ಟರ್ಕಲ್ ಕಾನೂನು ಪದವಿ ಪಡೆದರೂ ವಕೀಲಿಕೆ ಮಾಡಲಿಲ್ಲ. ಮಾತು ಕೇಳುವ ಚಟ ಹತ್ತಿಸಿದ್ದು ಆ ಲಾಡ್ಜಿನ ಹಜಾರ.

ಮೊದಲು ಅವರು ರೇಡಿಯೊ ನಾಟಕಗಳಲ್ಲಿ ರೌಡಿ ಪಾತ್ರ ಮಾಡಿದರು. ಆಮೇಲೆ ಟಿವಿಯಲ್ಲಿ ಅವರದೇ ಒಂದು ಕಾರ್ಯಕ್ರಮ ಬಂತು, ಹೆಸರೂ ಆಯಿತು. ಆದರೆ ಅದು ಅಮೆರಿಕದಲ್ಲಿ ಕಂಡಕಂಡವರನ್ನೆಲ್ಲ ಕಮ್ಯುನಿಸ್ಟರು ಎಂದು ಅನುಮಾನಿಸುತ್ತಿದ್ದ ಕಾಲ. ಕಪ್ಪು ಜನರನ್ನು ಬೇರೆ ಇಡುವ ಕಾನೂನಿನ ವಿರುದ್ಧ, ಮತ ಹಾಕಲು ತೆರಿಗೆ ಕಟ್ಟಬೇಕೆಂಬ ನಿಯಮದ ವಿರುದ್ಧ ಟರ್ಕಲ್ ಮನವಿಪತ್ರಗಳಿಗೆ ಸಹಿ ಹಾಕಿದ್ದರು. ‘ಗೊತ್ತಿಲ್ಲದೆ ಸಹಿ ಹಾಕಿದೆ, ಯಾರೋ ದಾರಿ ತಪ್ಪಿಸಿದರು’ ಎಂದು ಹೇಳಿದ್ದರೆ ಕೆಲಸ ಉಳಿಯುತ್ತಿತ್ತು. ಅವರು ಹೇಳಲಿಲ್ಲ. ಟಿವಿ ಬಾಗಿಲು ಮುಚ್ಚಿತು.

ಕೈಲಿ ಕೆಲಸವಿಲ್ಲದ ಆ ದಿನಗಳಲ್ಲಿ ಒಂದು ಸಲ ರೇಡಿಯೊ ತಿರುಗಿಸುವಾಗ ಜನಪದ ಗಾಯಕ ವುಡಿ ಗಥ್ರಿಯ ದನಿ ಕೇಳಿತು. ಇಂಥ ಹಾಡು ಹಾಕುವ ಸ್ಟೇಷನ್ ಯಾವುದಪ್ಪ ಎಂದು ನೋಡಿದರೆ ಡಬ್ಲ್ಯುಎಫ್‌ಎಂಟಿ. ಗಂಡ ಹೆಂಡತಿ ಸೇರಿ ಆಗಷ್ಟೇ ಶುರು ಮಾಡಿದ್ದ ಸಣ್ಣ ಸ್ಟೇಷನ್. ಟರ್ಕಲ್ ಫೋನ್ ಮಾಡಿ ಕೆಲಸ ಕೇಳಿದರು. ನಮ್ಮ ಹತ್ತಿರ ದುಡ್ಡಿಲ್ಲ ಅಂದರು ಅವರು. ನನ್ನ ಹತ್ತಿರವೂ ಇಲ್ಲ, ಸರಿಯಾಯಿತು ಅಂದರು ಇವರು. 45 ವರ್ಷದ ನಂಟು ಶುರುವಾಗಿದ್ದು ಹೀಗೆ.

ವಾರದ ದಿನಗಳಲ್ಲಿ ದಿನಕ್ಕೊಂದು ಗಂಟೆಯ ಕಾರ್ಯಕ್ರಮ. ಪುಸ್ತಕ ಬರೆದವರು ಬರುವುದಿದ್ದರೆ ಟರ್ಕಲ್ ಆ ಪುಸ್ತಕವನ್ನು ಪೂರ್ತಿ ಓದಿ, ಪುಟಪುಟಕ್ಕೂ ಗೆರೆ ಎಳೆದು ಗುರುತು ಹಾಕಿಕೊಂಡಿರುತ್ತಿದ್ದರು. 1961ರಲ್ಲಿ ಲೇಖಕ ಜೇಮ್ಸ್ ಬಾಲ್ಡ್‌ವಿನ್ ಬಂದಾಗ, ಪ್ರಶ್ನೆಗಿಂತ ಮೊದಲು ಬೆಸ್ಸಿ ಸ್ಮಿತ್ ಅವರ ಹಾಡು ಹಾಕಿದರು. ಮಾತು ತಾನಾಗಿ ಹೊರಟಿತು. ಮಾರ್ಟಿನ್ ಲೂಥರ್ ಕಿಂಗ್ ಅವರನ್ನು 1964ರಲ್ಲಿ ಮಾತಾಡಿಸಿದ್ದು ಸ್ಟುಡಿಯೊದಲ್ಲಲ್ಲ, ಗಾಯಕಿ ಮಹೇಲಿಯಾ ಜಾಕ್ಸನ್ ಅವರ ಮನೆಯಲ್ಲಿ.

ಅದಕ್ಕೆ ಒಂದು ವರ್ಷ ಮೊದಲು, 1963ರ ಆಗಸ್ಟ್‌ನಲ್ಲಿ, ಕಿಂಗ್ ಮುಂತಾದವರು ಕರೆ ಕೊಟ್ಟಿದ್ದ ವಾಷಿಂಗ್ಟನ್ ಮೆರವಣಿಗೆಗೆ ದೇಶದ ಮೂಲೆಮೂಲೆಯಿಂದ ಜನ ಹೊರಟಿದ್ದರು. ಎಲ್ಲ ಪತ್ರಕರ್ತರ ಕಣ್ಣು ವೇದಿಕೆ ಮೇಲೆ. ಟರ್ಕಲ್ ಮಾತ್ರ ಶಿಕಾಗೊದಿಂದ ಹೊರಟ ರೈಲು ಹತ್ತಿ, ಜೊತೆಗಿದ್ದ ಪ್ರಯಾಣಿಕರನ್ನು ಕೇಳುತ್ತಾ ಹೋದರು. ಯಾಕೆ ಹೊರಟಿದ್ದೀರಿ, ಮನೆಯಲ್ಲಿ ಏನು ಹೇಳಿ ಬಂದಿರಿ, ನಿಮ್ಮ ಬದುಕು ಹೇಗಿದೆ ಅಂತ. ಭಾಷಣ ಎಲ್ಲರಿಗೂ ಸಿಕ್ಕಿತು. ರೈಲಿನೊಳಗಿನ ಆ ಮಾತುಗಳು ಸಿಕ್ಕಿದ್ದು ಇವರಿಗೆ.

ಇಲ್ಲಿಂದ ಮುಂದಿನ ಕತೆಗೆ ಒಂದು ಹಳ್ಳಿಯೇ ಕಾರಣ ಎನ್ನುವುದು ನಮಗೆ ಖುಷಿಯ ಸಂಗತಿ. ಸ್ವೀಡನ್ನಿನ ಬರಹಗಾರ ಯಾನ್ ಮಿರ್ಡಾಲ್ 1962ರಲ್ಲಿ ಉತ್ತರ ಚೀನಾದ ಲಿಯು ಲಿನ್ ಎಂಬ ಹಳ್ಳಿಯಲ್ಲಿ ಉಳಿದು, ಅಲ್ಲಿನ ರೈತರ ಮಾತನ್ನೇ ಪುಸ್ತಕ ಮಾಡಿದ್ದರು. ಅದನ್ನು ಓದಿದ ಪ್ರಕಾಶಕ ಆಂದ್ರೆ ಶಿಫ್ರಿನ್, ಹಳ್ಳಿಯಲ್ಲಿ ಮಾಡಿದ್ದನ್ನು ಶಿಕಾಗೊದಲ್ಲಿ ನೀವು ಯಾಕೆ ಮಾಡಬಾರದು ಎಂದು ಟರ್ಕಲ್ ಅವರನ್ನು ಕೇಳಿದರು. ರೇಡಿಯೊದ ಜೊತೆಜೊತೆಗೇ ಟರ್ಕಲ್ ಟೇಪ್ ರೆಕಾರ್ಡರ್ ಹೊತ್ತು ಬೀದಿ ಬೀದಿ ತಿರುಗಿದರು. ಕಾರು ಓಡಿಸುವುದನ್ನು ಕಲಿತವರೇ ಅಲ್ಲ, ಓಡಾಟವೆಲ್ಲ ಬಸ್ಸಿನಲ್ಲೇ. ಇಂಥ ಮಾತುಗಳ ಮೊದಲ ಪುಸ್ತಕ 1967ರಲ್ಲಿ ಬಂತು.

ಆ ತಿರುಗಾಟದ ಒಂದು ಪ್ರಸಂಗವನ್ನು ಅವರು ಕೊನೆಯವರೆಗೂ ಹೇಳುತ್ತಿದ್ದರು. ಸರ್ಕಾರ ಬಡವರಿಗೆ ಕಟ್ಟಿಸಿದ ಮನೆಗಳಲ್ಲಿ ಒಬ್ಬ ತಾಯಿಯನ್ನು ಮಾತಾಡಿಸಿದರು. ಸುತ್ತ ಮಕ್ಕಳ ಗಲಾಟೆ. ಅಮ್ಮನ ದನಿ ಕೇಳಬೇಕು ಎಂದು ಮಕ್ಕಳು ಹಟ ಹಿಡಿದಾಗ ಟೇಪ್ ಹಿಂದಕ್ಕೆ ಸುತ್ತಿ ಹಾಕಿದರು. ತನ್ನದೇ ಮಾತು ಕೇಳುತ್ತಾ ಆ ತಾಯಿ ಬಾಯಿ ಮೇಲೆ ಕೈ ಇಟ್ಟುಕೊಂಡರಂತೆ. ತನ್ನೊಳಗೆ ಇಂಥ ಭಾವನೆ ಇತ್ತೆಂದು ತನಗೇ ಗೊತ್ತಿರಲಿಲ್ಲ ಅಂದರಂತೆ. ಟರ್ಕಲ್‌ಗೆ ಅದೇ ದೊಡ್ಡ ಸಂಬಳ.

1970ರ ಪುಸ್ತಕದ ಹೆಸರು ‘ಹಾರ್ಡ್ ಟೈಮ್ಸ್’. 1930ರ ದಶಕದಲ್ಲಿ ಅಮೆರಿಕ ಕಂಡ ಆರ್ಥಿಕ ಕುಸಿತವನ್ನು ಬದುಕಿ ದಾಟಿದವರ ನೆನಪುಗಳು ಅದರಲ್ಲಿವೆ. ಅದರೊಳಗಿನ ರೈತರ ಮಾತು ಓದಿದರೆ ಟೊಮೆಟೊ, ಈರುಳ್ಳಿ ರಸ್ತೆಗೆ ಸುರಿಯುವುದನ್ನು ಕಂಡ ನಮಗೆ ಎದೆ ಝಲ್ ಅನ್ನುತ್ತದೆ. ಅಯೊವಾ ರಾಜ್ಯದ ರೈತರೊಬ್ಬರು ಹೇಳುತ್ತಾರೆ: ಪಕ್ಕದ ಸೌತ್ ಡಕೋಟದಲ್ಲಿ ಮುಸುಕಿನ ಜೋಳದ ಬೆಲೆ ಒಮ್ಮೆ ಸೊನ್ನೆಗಿಂತ ಮೂರು ಸೆಂಟ್ ಕೆಳಗೆ ಹೋಯಿತು. ಮಾರಲು ಹೋದವನೇ ಸುಮಾರು 25 ಕೆಜಿ ಜೋಳದ ಜೊತೆಗೆ ಮೂರು ಸೆಂಟ್ ಕೊಟ್ಟು ಬರಬೇಕು! ಒಂದು ಕಡೆಯ ಕೋರ್ಟಿನಲ್ಲಿ ಚಳಿಗಾಲವಿಡೀ ಕಲ್ಲಿದ್ದಲಿನ ಬದಲು ಜೋಳವನ್ನೇ ಉರಿಸಿದರಂತೆ, ಅದೇ ಅಗ್ಗ ಅಂತ.

ಸಾಲಕ್ಕೆ ಹೊಲ ಹರಾಜಾಗುವಾಗ ಅಕ್ಕಪಕ್ಕದ ರೈತರೆಲ್ಲ ಒಟ್ಟಾಗಿ ಹೋಗಿ, ಹೊರಗಿನವರನ್ನು ಬಿಡದೆ, ಬಿಡಿಗಾಸಿಗೆ ಕೂಗಿ, ಕೊಂಡಿದ್ದನ್ನು ಮಾಲೀಕನಿಗೇ ವಾಪಸ್ ಕೊಟ್ಟದ್ದೂ ಆ ಕಾಲದಲ್ಲೇ. 1933ರಲ್ಲಿ ಅಯೊವಾದ ಲೆ ಮಾರ್ಸ್ ಊರಿನಲ್ಲಿ ಸಿಟ್ಟಿಗೆದ್ದ ರೈತರು ಜಡ್ಜ್ ಒಬ್ಬರನ್ನು ಕೋರ್ಟಿನಿಂದ ಎಳೆದೊಯ್ದು ಕೊರಳಿಗೆ ಹಗ್ಗ ಹಾಕಿದರು, ಆಮೇಲೆ ಬಿಟ್ಟರು. ಅಂಕಿಅಂಶದ ಪುಸ್ತಕದಲ್ಲಿ ಬೆಲೆ ಕುಸಿದದ್ದು ಮಾತ್ರ ಇರುತ್ತದೆ. ಆ ಬೆಲೆ ಕೇಳಿ ಗಾಡಿ ವಾಪಸ್ ತಿರುಗಿಸಿದವನ ಹೊಟ್ಟೆಯ ಬೆಂಕಿ ಸಿಗುವುದು ಅವನ ಬಾಯಲ್ಲೇ.

1974ರಲ್ಲಿ ಬಂದದ್ದು ‘ವರ್ಕಿಂಗ್’. ಹೋಟೆಲಿನಲ್ಲಿ ಬಡಿಸುವವರು, ಗೋರಿ ತೋಡುವವರು, ಕಲ್ಲು ಕಟ್ಟುವವರು, ಟೆಲಿಫೋನ್ ಆಪರೇಟರ್‌ಗಳು, ಹೀಗೆ ನೂರಕ್ಕೂ ಹೆಚ್ಚು ಜನ ತಮ್ಮ ದಿನದ ದುಡಿಮೆ ಹೇಗಿರುತ್ತದೆ ಎಂದು ಹೇಳಿದ್ದಾರೆ. ಅದರಲ್ಲೊಬ್ಬ ಉಕ್ಕಿನ ಕೆಲಸಗಾರ. ಅವನಿಗೊಂದು ಆಸೆ. ದೊಡ್ಡ ಕಟ್ಟಡದ ಒಂದು ಬದಿಯಲ್ಲಿ ಮೇಲಿಂದ ಕೆಳಗಿನವರೆಗೆ ಒಂದಡಿ ಅಗಲದ ಪಟ್ಟಿ ಇರಬೇಕು. ಅದರಲ್ಲಿ ಇಟ್ಟಿಗೆ ಜೋಡಿಸಿದವನಿಂದ ಹಿಡಿದು ವೈರಿಂಗ್ ಮಾಡಿದವನವರೆಗೆ ಎಲ್ಲರ ಹೆಸರು ಬರೆದಿರಬೇಕು. ಮಗನನ್ನು ಕರಕೊಂಡು ಹೋಗಿ ಇಗೋ ನನ್ನ ಹೆಸರು ಅಂತ ತೋರಿಸಬೇಕು.

ನಮ್ಮೂರ ಕೆರೆ ಏರಿಯ ಮೇಲಿನ ಶಾಸನ ನೆನಪಾಗಲಿಲ್ಲವೇ? ಕಟ್ಟಿಸಿದವರ ಹೆಸರು ಕಲ್ಲಿನಲ್ಲಿದೆ. ಮಣ್ಣು ಹೊತ್ತವರ ಹೆಸರು?

ಇಷ್ಟೆಲ್ಲ ರೆಕಾರ್ಡ್ ಮಾಡಿದ ಮನುಷ್ಯನಿಗೆ ಯಂತ್ರ ಮಾತ್ರ ಒಗ್ಗುತ್ತಿರಲಿಲ್ಲ. ನೃತ್ಯಗಾತಿ ಮಾರ್ಥಾ ಗ್ರಹಾಂ ಜೊತೆಗಿನ ಮಾತುಕತೆಯನ್ನೇ ಹೀಗೆ ಕಳಕೊಂಡಿದ್ದರು. ಟೇಪ್ ಸುತ್ತುತ್ತಿಲ್ಲವಲ್ಲ ಎಂದು ಎದುರಿಗೆ ಕೂತವರೇ ಎಚ್ಚರಿಸಿದ್ದೂ ಉಂಟು. ಆದರೆ ಅದೂ ಒಳ್ಳೆಯದೇ ಆಯಿತು ಎನ್ನುತ್ತಿದ್ದರು ಟರ್ಕಲ್. ಇವನೂ ನಮ್ಮಂತೆಯೇ ಎಡವುವವನು ಎಂದು ಗೊತ್ತಾದ ಮೇಲೆ ಜನ ಹೆದರದೆ ಮಾತಾಡುತ್ತಿದ್ದರು.

ಈ ಮಾತುಗಳೆಲ್ಲ ಉಳಿದದ್ದು ತಾನಾಗಿ ಅಲ್ಲ. 1968ರಲ್ಲಿ ಸ್ಟೇಷನ್ ಒಂದು ದೊಡ್ಡ ಪ್ರಸಾರ ಕಂಪನಿಗೆ ಮಾರಾಟವಾಯಿತು. ಕೇಳುಗರು ಸಮಿತಿ ಕಟ್ಟಿ ವಿರೋಧಿಸಿದರು. ಕೊನೆಗೆ 1970ರಲ್ಲಿ ಅದು ಲಾಭ ನೋಡದ ಸಾರ್ವಜನಿಕ ಟಿವಿ ಸಂಸ್ಥೆಯ ಕೈ ಸೇರಿತು. ಟರ್ಕಲ್ 2008ರಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಸುಮಾರು 5,600 ಕಾರ್ಯಕ್ರಮಗಳ ಟೇಪುಗಳನ್ನು ಶಿಕಾಗೊದ ವಸ್ತುಸಂಗ್ರಹಾಲಯ, ಅಮೆರಿಕದ ರಾಷ್ಟ್ರೀಯ ಗ್ರಂಥಾಲಯ ಮತ್ತು ಅದೇ ರೇಡಿಯೊ ಸ್ಟೇಷನ್ ಸೇರಿ ಡಿಜಿಟಲ್ ಮಾಡತೊಡಗಿದವು. 2018ರಿಂದ ಅವುಗಳಲ್ಲಿ ಹಲವು ಇಂಟರ್ನೆಟ್ಟಿನಲ್ಲಿ ಒಂದೇ ಕಡೆ ಸಿಗುತ್ತವೆ. ನಿಮ್ಮ ಕೈಯಲ್ಲಿರುವ ಫೋನಿನಲ್ಲೂ ಕೇಳಬಹುದು.

ಅದೇ ಫೋನಿನಲ್ಲಿ ರೆಕಾರ್ಡರ್ ಕೂಡ ಇದೆ. ಟರ್ಕಲ್ ಹೆಗಲಿಗೆ ಹೊತ್ತು ತಿರುಗಿದ ಯಂತ್ರ ಇವತ್ತು ಎಲ್ಲರ ಜೇಬಿನಲ್ಲಿದೆ. ಕೆರೆ ತುಂಬಿದ್ದ ಕಾಲ ಕಂಡವರು, ಜೀತ ಮಾಡಿ ಬಿಡುಗಡೆಯಾದವರು, ಊರಿಗೆ ಮೊದಲ ಲೈಟು ಬಂದ ರಾತ್ರಿ ಕಂಡವರು ಇನ್ನೂ ನಮ್ಮ ಜಗಲಿ ಮೇಲೆ ಕೂತಿದ್ದಾರೆ. ಕೇಳುವವರು ಬೇಕು ಅಷ್ಟೇ.

ಇನ್ನು ನಮ್ಮ ರಾಗಿ ಹೊಲದ ಅಜ್ಜಿಯ ವಿಷಯ. ಟರ್ಕಲ್ ಅವರನ್ನು ನೋಡಿ ನಗುವ ಹಾಗಿಲ್ಲ ನಾವು. ಫೋನಿನಲ್ಲಿ ಜಾಗ ಸಾಲದೆ ಆವತ್ತಿನ ರೆಕಾರ್ಡಿಂಗ್ ಅರ್ಧಕ್ಕೇ ನಿಂತಿತ್ತು. ಮೂರು ವಾರ ಬಿಟ್ಟು ಮತ್ತೆ ಹೋದೆವು. ಈ ಸಲ ಅಜ್ಜಿ ಪಟೇಲರ ಹೆಸರು ಎತ್ತಲಿಲ್ಲ. ನಮ್ಮನ್ನು ಕಂಡೊಡನೆ ಸೊಂಟ ನೆಟ್ಟಗೆ ಮಾಡಿಕೊಂಡು, ‘ಬನ್ರಪ್ಪಾ, ಆವತ್ತು ಒಂದು ಮಾತು ಮರ್ತಿದ್ದೆ, ಬರ್ಕೊಳಿ’ ಅಂದರು.